ಸರ್ಕೋಮ್ಮಾ

ಸೋಗಲಾಡಿ ಎಂಬುದು ಅವಳ ಹೆಸರಲ್ಲ. ಲಾಂಡ್ರಿಯ ಮೇಸ್ತ್ರಿ ಕೊಟ್ಟ ಬಿರುದು. ಆಮೇಲೆ ಅವಳೇ ಅದನ್ನು ಅವನ ಬಾಯಿಂದ ಕಿತ್ತುಕೊಂಡು ತನ್ನ ಹೆಸರು ಮಾಡಿಕೊಂಡಳು, ಆದ್ದರಿಂದ ನಾವೂ ಹಾಗೇ ಕರೆಯೋಣ. ಬೈಗುಳವನ್ನೇ ಕಿತ್ತುಕೊಂಡರೆ ಬೈಯುವವನ ಬಾಯಿ ಬೊಚ್ಚಾಗುತ್ತದೆ.

ಹದಿನೇಳು ವರ್ಷ. ಊರಿನ ಅರ್ಧ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ನಾಲ್ಕನೇ ನಂಬರಿನ ಹಬೆ ಪ್ರೆಸ್ಸು ಅವಳದು. ಬಾಯಿ ತೆರೆದ ಮೊಸಳೆಯಂಥ ಯಂತ್ರ. ಕೆಳದವಡೆಯ ಮೇಲೆ ಕೋಟು ಹಾಸಬೇಕು. ಬಲಗಾಲಿನಲ್ಲಿ ಪೆಡಲು ತುಳಿಯಬೇಕು. ಮೇಲ್ದವಡೆ ಧಪ್ಪನೆ ಬೀಳುತ್ತದೆ, ಹಬೆ ಬುಸ್ಸೆನ್ನುತ್ತದೆ, ಮುಖ ಬೇಯುತ್ತದೆ. ಕೋಟೊಂದಕ್ಕೆ ಆರು ತುಳಿತ. ದಿನಕ್ಕೆ ಇನ್ನೂರು ಕೋಟು. ಹದಿನೈದು ತುಂಬಿದ ವಾರದಿಂದ ಇದೇ ಕೆಲಸ. ಮಧ್ಯಾಹ್ನ ಮೂರರ ಹೊತ್ತಿಗೆ ಬೆನ್ನಿನ ಬೆವರು ಒಣಗಿ ಉಪ್ಪಾಗಿ ಅಂಗಿಯ ಮೇಲೆ ನಕಾಶೆ ಬರೆಯುತ್ತಿತ್ತು.

ಪಕ್ಕದ ಐದನೇ ನಂಬರಿನಲ್ಲಿ ಅಂಗಿಗಳ ಕಾಲರು ಒತ್ತುವವಳು ಅವಳ ಗೆಳತಿ. ಹತ್ತೊಂಬತ್ತು ವರ್ಷ. ಅವಳನ್ನು ಎಲ್ಲರೂ ಕಾಲರ್ ಎಂದೇ ಕರೆಯುತ್ತಿದ್ದರು. ಅವಳ ಬಾಯಿಗೆ ಬೀಗವೂ ಇರಲಿಲ್ಲ, ಬೀಗದ ಕೈಯೂ ಇರಲಿಲ್ಲ. ಇಬ್ಬರೂ ಹಬೆಯ ಸದ್ದಿನ ಮೇಲೆ ಕಿರುಚಿಕೊಂಡೇ ಮಾತಾಡುತ್ತಿದ್ದರು, ಮಾತಿಗಿಂತ ಹೆಚ್ಚು ನಗುತ್ತಿದ್ದರು.

ಬಾಗಿಲ ಬಳಿಯ ಮೇಜಿನಲ್ಲಿ ಸೋಗಲಾಡಿಯ ಅಪ್ಪ ಕೂರುತ್ತಿದ್ದ. ಬಂದ ಬಟ್ಟೆಗೆಲ್ಲ ಗುರುತು ಹಾಕುವುದು ಅವನ ಕೆಲಸ. ಅದಕ್ಕೇ ಅವನನ್ನು ಗುರುತಪ್ಪ ಎನ್ನುತ್ತಿದ್ದರು. ಕಪ್ಪು ಶಾಯಿಯ ಪೆನ್ನಿನಲ್ಲಿ ಬಟ್ಟೆಯ ಅಂಚಿಗೆ ಒಂದಕ್ಷರ, ಅಕ್ಷರದ ಸುತ್ತ ಒಂದು ಸುತ್ತು. ‘ಗಂ’ ಎಂದರೆ ಗಂಜಿ ಹಾಕು. ‘ಹಿಂ’ ಎಂದರೆ ಹಿಂಡಬೇಡ. ‘ತಿ’ ಎಂದರೆ ತಿರುವಿ ಹಾಕು, ಒಳಮೈ ಹೊರಗೆ ಮಾಡಿ ಇಸ್ತ್ರಿ ಮಾಡು. ಆ ಶಾಯಿ ಸೋಪಿಗೆ ಹೋಗದು, ಸೋಡಕ್ಕೆ ಹೋಗದು, ಕುದಿಯುವ ನೀರಿಗೂ ಹೋಗದು. “ಬಟ್ಟೆ ಹರಿದ್ರೂ ಗುರುತು ಹೋಗಬಾರ್ದು. ಸುತ್ತು ಮುಚ್ಚದ ಗುರುತು ಗುರುತೇ ಅಲ್ಲ” ಎಂಬುದು ಅವನ ವೇದವಾಕ್ಯ. ಸುತ್ತು ಎಲ್ಲಾದರೂ ಕೂದಲೆಳೆಯಷ್ಟು ಬಿಟ್ಟುಹೋಗಿದ್ದರೆ ಬಟ್ಟೆಯನ್ನು ವಾಪಸು ತರಿಸಿ ಮುಚ್ಚುತ್ತಿದ್ದ.

ಮೊದಲು ನೋವು ಬಂದದ್ದು ಬಲ ಮೊಣಕಾಲಿನ ಸ್ವಲ್ಪ ಮೇಲೆ. ಇಲಿ ಕಡಿದಂಥ ನೋವು. ಕೆಲಸ ಮುಗಿದರೂ ಅದು ಮುಗಿಯುತ್ತಿರಲಿಲ್ಲ. ಅವಳು ಹೋಗಿ ಮೇಸ್ತ್ರಿಗೆ ಹೇಳಿದಳು.

“ಹೊಟ್ಟೆನೋವು ಮಕ್ಕಳದ್ದು. ಬೆನ್ನುನೋವು ಮುದುಕೀರದ್ದು. ಮೊಣಕಾಲು ನೋವು ಸೋಗಲಾಡಿಗಳದ್ದು,” ಎಂದ ಮೇಸ್ತ್ರಿ. “ಹೋಗು, ಮಂಗಳವಾರ ಡಾಕ್ಟರಿಗೆ ತೋರ್ಸು.”

ಲಾಂಡ್ರಿಯ ಡಾಕ್ಟರು ತಿಂಗಳಿಗೊಂದು ಮಂಗಳವಾರ ಬಂದು ಗಂಜಿಯ ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಎದ್ದು ಬರುತ್ತಿರಲಿಲ್ಲ. ಮುಟ್ಟುತ್ತಿರಲಿಲ್ಲ. ಪ್ಯಾಂಟು ಮೇಲೆತ್ತು ಎಂದೂ ಹೇಳಲಿಲ್ಲ.

“ವಯಸ್ಸೆಷ್ಟು?”

“ಹದಿನಾರೂವರೆ ಸಾರ್.”

“ಬೆಳೆಯೋ ವಯಸ್ಸು. ಬೆಳೆಯೋ ನೋವು.”

ಚೀಟಿಯಲ್ಲಿ ಅದನ್ನೇ ಬರೆದರು. ಬೆಳೆಯುವ ನೋವು. ಕೆಲಸ ಮಾಡಬಹುದು. ಜೊತೆಗೊಂದು ಮುಲಾಮಿನ ಡಬ್ಬಿ. ಮುಂದಿನ ತಿಂಗಳು ಅದೇ ಚೀಟಿ, ಅದೇ ಡಬ್ಬಿ. ಅದರ ಮುಂದಿನ ತಿಂಗಳೂ ಅದೇ. ಎಂಟು ತಿಂಗಳು, ಎಂಟು ಚೀಟಿ, ಎಂಟು ಡಬ್ಬಿ. ಎಂಟನೇ ಚೀಟಿಯ ಹೊತ್ತಿಗೆ ಮೊಣಕಾಲ ಮೇಲೆ ಈರುಳ್ಳಿಯಷ್ಟು ಊತ. ಪ್ಯಾಂಟು ಅಲ್ಲಿ ಬಿಗಿಯುತ್ತಿತ್ತು. ಅವಳು ಕುಂಟುತ್ತಿದ್ದಳು.

ಒಂದು ದಿನ ಊಟದ ಬಿಡುವಿನಲ್ಲಿ ಮೇಸ್ತ್ರಿ ಅವಳ ಕುಂಟನ್ನು ಎಲ್ಲರೆದುರು ನಡೆದು ತೋರಿಸಿದ. ಲಾಂಡ್ರಿಯ ಈ ತುದಿಯಿಂದ ಆ ತುದಿಗೆ, ಸೊಂಟ ತಿರುಗಿಸಿಕೊಂಡು, ಕಣ್ಣು ಮೇಲೆ ಮಾಡಿಕೊಂಡು. “ಇದು ಯಾರು ಹೇಳಿ ನೋಡೋಣ?” ಎಂದ. ಜನ ನಕ್ಕರು. ಅವಳೂ ನಕ್ಕಳು. ಮೇಸ್ತ್ರಿಯ ಮೇಲಿನ ಸಿಟ್ಟು ಆಮೇಲೆ ಎಷ್ಟೋ ಸಲ ತಣ್ಣಗಾಗಿದೆ, ಆದರೆ ತಾನೂ ನಕ್ಕೆನಲ್ಲ ಎಂಬುದು ಅವಳಿಗೆ ಇವತ್ತಿಗೂ ಉರಿಯುತ್ತದೆ.

ಮಾರನೆಯ ದಿನ ಬಲಗಾಲು ಪೆಡಲಿನ ಮೇಲೆ ಊರಲಿಲ್ಲ. ಎಡಗಾಲಿನಲ್ಲಿ ತುಳಿದಳು. ಆಯ ತಪ್ಪಿ ಪ್ರೆಸ್ಸಿನ ಮೇಲೇ ಬಿದ್ದಳು. ಅಂಗೈ ಸುಟ್ಟಿತು. ರಿಪೇರಿ ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅವಳ ಅಮ್ಮ ಸೂಜಿಯನ್ನು ಕೋಟಿನಲ್ಲೇ ಚುಚ್ಚಿಟ್ಟು ಎದ್ದು ಬಂದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮಗಳನ್ನು ಬೆನ್ನಿಗೆ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ನಡೆದಳು.

ಅಲ್ಲಿ ಕಾಲಿನ ಎಕ್ಸ್‌ರೇ ಚಿತ್ರ ತೆಗೆದರು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಮೂಳೆ ಡಾಕ್ಟರಮ್ಮ ಕರೆಸಿದರು. ಅಮ್ಮ, ಅಪ್ಪ, ಅವಳು, ಮೂವರೂ ಒಂದೇ ಬೆಂಚಿನಲ್ಲಿ. ಡಾಕ್ಟರಮ್ಮ ಚಿತ್ರವನ್ನು ದೀಪಕ್ಕೆ ಹಿಡಿದು, ದನಿ ತಗ್ಗಿಸಿ ಹೇಳಿದರು:

“ಸಾರ್ಕೋಮಾ.”

ಅಮ್ಮ ಸರಿದುಕೊಂಡಳು.

ನಿಜವಾಗಿಯೂ. ಬಸ್ಸಿನಲ್ಲಿ ಯಾರೋ “ಸರ್ಕೋಮ್ಮಾ” ಎಂದ ಹಾಗೆ, ಚೀಲವನ್ನು ಮಡಿಲಿಗೆಳೆದುಕೊಂಡು ಬೆಂಚಿನ ತುದಿಗೆ ಸರಿದು ಜಾಗ ಬಿಟ್ಟಳು. ಅವಳ ಹಿಂದೆ ಅಪ್ಪನೂ ಸರಿದ. ಡಾಕ್ಟರಮ್ಮ ಬಂದು ಪಕ್ಕ ಕೂರುತ್ತಾರೇನೋ ಎಂದು ಸೋಗಲಾಡಿಯೂ ಅರ್ಧ ಸರಿದಿದ್ದಳು. ಆಮೇಲೆ ಹೊಳೆಯಿತು. ನಗು ಹೊಟ್ಟೆಯ ಆಳದಿಂದ ಬಂತು. ತಡೆಯಲು ಅಂಗೈ ಕಚ್ಚಿಕೊಂಡಳು, ಸುಟ್ಟ ಅಂಗೈ. ಅಯ್ಯೋ ಎಂದು ಕೂಗಿ ಇನ್ನೂ ಜೋರಾಗಿ ನಕ್ಕಳು. ಅದು ಮೂಳೆಯ ಕ್ಯಾನ್ಸರು, ಬೆಳೆಯುವ ಮೂಳೆಯನ್ನೇ ಹುಡುಕಿಕೊಂಡು ಬರುತ್ತದೆ, ಹರೆಯದವರಲ್ಲೇ ಹೆಚ್ಚು ಎಂದು ಡಾಕ್ಟರಮ್ಮ ಹೇಳುವಾಗಲೂ ಅವಳ ಭುಜ ಕುಣಿಯುತ್ತಿತ್ತು. ನಗುತ್ತಲೇ ಅಳು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ಅವಳಿಗೂ.

“ಪೆಡಲು ತುಳಿದು ಬಂತಾ ಡಾಕ್ಟರಮ್ಮ?” ಎಂದಳು ಅಮ್ಮ.

“ಇಲ್ಲಮ್ಮ. ಪೆಡಲಿಂದ ಬಂದದ್ದಲ್ಲ. ಯಾಕೆ ಬಂತು ಅಂತ ಹೇಳೋದು ಕಷ್ಟ. ಆದ್ರೆ ಎಂಟು ತಿಂಗಳು ತಡ ಆಗಿದೆ. ಅದು ಯಾಕೆ ಅಂತ ಗೊತ್ತಾಗ್ತಿಲ್ಲ.”

ಯಾಕೆ ಎಂಬುದು ಮೂವರಿಗೂ ಗೊತ್ತಿತ್ತು. ಅಪ್ಪ ತನ್ನ ಶಾಯಿ ಹತ್ತಿದ ಬೆರಳುಗಳನ್ನು ನೋಡುತ್ತ ಕೂತ. ಎಂಟು ಚೀಟಿಯನ್ನೂ ಅವನೇ ಓದಿದ್ದ. ಡಾಕ್ಟರು ಬರೆದದ್ದಲ್ಲವೇ ಎಂದು ನಂಬಿದ್ದ.

“ಪುಟ್ಟೀ, ನೀನು ಸ್ವಲ್ಪ ಹೊರಗಿರು,” ಎಂದರು ಡಾಕ್ಟರಮ್ಮ. “ಅಲ್ಲಿ ಬೊಂಬೆ ಇದೆ ನೋಡು.”

ಬೊಂಬೆ! ದಿನಕ್ಕೆ ಸಾವಿರದಿನ್ನೂರು ಸಲ ಮೊಸಳೆಯ ದವಡೆ ಮುಚ್ಚುವವಳಿಗೆ ಬೊಂಬೆ. ಕೆಲಸಕ್ಕೆ ಬೇಕಾದಾಗ ದೊಡ್ಡವಳು, ಮಾತಿಗೆ ಬೇಕಾದಾಗ ಪುಟ್ಟಿ. ಆ ದಿನ ಅವಳು ಹೊರಗೆ ಹೋದಳು. ಹೋಗಿ, ಕಿವಿ ಹರಿದ ಮೊಲದ ಬೊಂಬೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಹಾಸಿಗೆ ಕೊಟ್ಟದ್ದು ಮಕ್ಕಳ ವಾರ್ಡಿನಲ್ಲಿ. ಗೋಡೆಯ ತುಂಬ ಟೋಪಿ ಹಾಕಿದ ಆನೆಗಳು. ಮಂಚ ಗಿಡ್ಡ, ಅವಳು ಉದ್ದ. ಪಾದಗಳೆರಡೂ ಕಂಬಿಯ ಸಂದಿಯಿಂದ ಆಚೆ ಚಾಚಿಕೊಂಡು, ಹೋಗಿ ಬರುವವರ ಸೊಂಟಕ್ಕೆ ತಾಗುತ್ತಿದ್ದವು. ದೊಡ್ಡವರ ವಾರ್ಡು ಕೇಳಿದಳು. ಅಲ್ಲಿ ಹದಿನೆಂಟು ತುಂಬಿರಬೇಕಂತೆ. ಅಲ್ಲಿರುವವರೆಲ್ಲ ಅವಳ ಅಜ್ಜಿಯ ವಯಸ್ಸಿನವರಂತೆ. “ಹದಿನೇಳಕ್ಕೆ ಎಲ್ಲಿ?” ಎಂದು ಕೇಳಿದರೆ ನರ್ಸಮ್ಮ ಭುಜ ಹಾರಿಸಿದರು.

ಕೆಂಪು ಔಷಧಿ ನರಕ್ಕೆ ಹನಿಹನಿಯಾಗಿ ಇಳಿಯಿತು. ಹತ್ತು ವಾರ. ಉಚ್ಚೆಯೂ ಕೆಂಪಾಯಿತು. ಬಾಯಿ ಹುಣ್ಣಾಯಿತು. ಬಕೆಟ್ಟು ತಲೆದಿಂಬಿನ ಪಕ್ಕಕ್ಕೇ ಬಂತು. ಮೊಣಕಾಲುದ್ದ ಇದ್ದ ಜಡೆ ಒಂದು ವಾರದಲ್ಲಿ ಉದುರಿತು. ಕಾಲರ್ ನೋಡಲು ಬಂದವಳು ಬಾಗಿಲಲ್ಲೇ ನಿಂತು, “ಅಬ್ಬಾ! ಒಂದು ನೆರಿಗೆ ಇಲ್ಲ ಕಣೇ. ಯಾವ ಪ್ರೆಸ್ಸಲ್ಲಿ ಮಾಡ್ಸಿದ್ಯೇ?” ಎಂದಳು. ಇಬ್ಬರೂ ನಕ್ಕ ನಗುವಿಗೆ ಪಕ್ಕದ ಮಂಚದ ಪಾಪು ಎದ್ದು ಅತ್ತಿತು.

ಹತ್ತನೇ ವಾರದಲ್ಲೇ ಪೋಸ್ಟ್‌ಮ್ಯಾನ್ ಸಿಕ್ಕಿದ್ದು.

ಅವನಿಗೆ ಇಪ್ಪತ್ತೊಂದು. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರುವವನು. ಕೆಲಸದ ನಡುವೆ ಬಂದಿದ್ದ, ಹೆಗಲಲ್ಲಿ ಕಾಗದಗಳ ಚೀಲ ಇತ್ತು. ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಹತ್ತಿ ಬಂದು ಜಗಲಿಯ ಬೆಂಚಿನಲ್ಲಿ ಅವಳ ಪಕ್ಕ ಕೂತ.

“ಎಲ್ಲಿ?” ಎಂದ.

“ಬಲ ಮೊಣಕಾಲು.”

“ನಂದೂ ಅಲ್ಲೇ. ಹದಿನಾಲ್ಕರಲ್ಲಿ. ನಿಂಗೆ ಮೂರರಲ್ಲಿ ಯಾವುದು?”

“ಯಾವ ಮೂರು?”

ಅವನು ಅವಳನ್ನೇ ನೋಡಿದ. “ಹೇಳಿಲ್ವಾ? ಗಡ್ಡೆ ಇರೋ ಮೂಳೆ ತೆಗೆದ ಮೇಲೆ ಮೂರು ದಾರಿ. ಒಂದು, ಪೂರಾ ಕತ್ತರಿಸೋದು. ಎರಡು, ಒಳಗೆ ಲೋಹದ ಕೀಲು ಇಡೋದು. ನೋಡೋಕೆ ಚೆಂದ, ಯಾರಿಗೂ ಗೊತ್ತಾಗಲ್ಲ. ಆದ್ರೆ ಹುಷಾರಾಗಿರ್ಬೇಕು, ಹಾರೋ ಹಾಗಿಲ್ಲ, ದಿನವಿಡೀ ನಿಂತು ತುಳಿಯೋ ಹಾಗಿಲ್ಲ, ಸವೆದಾಗ ಮತ್ತೆ ಕುಯ್ಯಬೇಕು. ಮೂರು…” ಎಂದು ಆಚೆ ಈಚೆ ನೋಡಿ, ಪ್ಯಾಂಟು ಮೇಲೆತ್ತಿ, ಕೃತಕ ಕಾಲು ಕಳಚಿ ಬೆಂಚಿನ ಮೇಲಿಟ್ಟ. “ಇದು.”

ಮೊಣಕಾಲು ಇರಬೇಕಾದ ಎತ್ತರದಲ್ಲಿ ಅವನದೇ ಪಾದ ಇತ್ತು. ಹಿಂದುಮುಂದಾಗಿ. ಹಿಮ್ಮಡಿ ಮುಂದೆ, ಬೆರಳು ಹಿಂದೆ.

ಸೋಗಲಾಡಿ ಕಿಟಾರನೆ ಕಿರುಚಿದಳು. “ದೆವ್ವ!”

“ಹೌದು. ಕಾಗದ ಹಂಚೋ ದೆವ್ವ,” ಎಂದ ಅವನು. “ನಡುವಿನ ತುಂಡು ತೆಗೆದು, ಕೆಳಗಿನ ಕಾಲನ್ನ ತಿರುವಿ ಮೇಲಕ್ಕೆ ಜೋಡಿಸ್ತಾರೆ. ಪಾದದ ಕೀಲೇ ಈಗ ಮೊಣಕಾಲಿನ ಕೆಲ್ಸ ಮಾಡುತ್ತೆ. ನೋಡು.” ಪಾದ ಮೇಲೆ ಕೆಳಗೆ ಆಡಿತು. ಬೆರಳುಗಳು ಅವಳಿಗೆ ಟಾಟಾ ಮಾಡಿದವು. “ನಡೀತೀನಿ, ಓಡ್ತೀನಿ, ಸೈಕಲ್ ತುಳೀತೀನಿ. ಕಚಗುಳಿ ಇಟ್ಟು ನೋಡು ಬೇಕಾದ್ರೆ.”

ಅವಳು ಒಂದು ಬೆರಳಿನಿಂದ ಅಂಗಾಲನ್ನು ಗೀಚಿದಳು. ಇಪ್ಪತ್ತೊಂದು ವರ್ಷದ ಪೋಸ್ಟ್‌ಮ್ಯಾನ್ ಬೆಂಚಿನಿಂದ ಉರುಳಿ ಬಿದ್ದು ಕೇಕೆ ಹಾಕಿದ. ಕಾಗದಗಳೆಲ್ಲ ಜಗಲಿಯ ತುಂಬ ಹಾರಿದವು. ಅವಳು ಮತ್ತೆ ಕಚಗುಳಿ ಇಟ್ಟಳು. ನರ್ಸಮ್ಮ ಓಡಿ ಬರುವ ತನಕ ಬಿಡಲಿಲ್ಲ. ಲೋಹಕ್ಕೆ ಕಚಗುಳಿಯಾಗದು. ಅವಳು ಆಗಲೇ ತೀರ್ಮಾನ ಮಾಡಿಬಿಟ್ಟಳು.

ಆದರೆ ತೀರ್ಮಾನ ಮಾಡಲು ಅವಳು ಯಾರು?

ಸಂಜೆ ಅಪ್ಪ ಬಂದಾಗ ಮೂರರಲ್ಲಿ ಯಾವುದೆಂದು ಕೇಳಿದಳು. ಅಪ್ಪ ಕಿಟಕಿಯ ಕಡೆ ತಿರುಗಿದ.

“ಲೋಹದ್ದಕ್ಕೆ ಸಹಿ ಹಾಕಿ ಆಯ್ತು. ಶುಕ್ರವಾರ ಆಪರೇಷನ್.”

“ನನ್ನ ಕೇಳ್ದೇನೇ?”

“ನೀನಿನ್ನೂ ಚಿಕ್ಕೋಳು ಕಣಮ್ಮ.”

“ಕಾಲು ನಂದು!”

“ನಿಂದೇ. ಅದಕ್ಕೇ ಚೆನ್ನಾಗಿರೋದು ಬೇಕು,” ಎಂದು ಅಮ್ಮ ನಡುವೆ ಬಂದಳು. “ಪಾದ ಹಿಂದೆ ಇರೋ ಹೆಣ್ಣನ್ನ ದೆವ್ವ ಅಂತಾರೆ. ನಾಳೆ ಯಾರು ಮದುವೆ ಆಗ್ತಾರೆ? ಮುಚ್ಚಿಡೋ ಹಾಗಿರ್ಬೇಕು.”

“ನಾನು ಲೋಹದ ಕಾಲಲ್ಲಿ ಪ್ರೆಸ್ಸು ತುಳಿಯೋ ಹಾಗಿಲ್ಲ ಅಮ್ಮ. ಹಾರೋ ಹಾಗಿಲ್ಲ. ಕಾಲರ್ ಜೊತೆ ಕುಣಿಯೋ ಹಾಗಿಲ್ಲ. ಯಾರಿಗೆ ಚೆಂದ ಕಾಣೋಕೆ?”

“ಬದುಕಿದ್ರೆ ಸಾಕು ನೀನು,” ಎಂದು ಅಮ್ಮ ಅತ್ತಳು. ಅತ್ತ ಅಮ್ಮನ ಎದುರು ವಾದ ಗೆದ್ದವರಿಲ್ಲ. ಅವರು ಕೆಟ್ಟವರಲ್ಲ. ಅದೇ ತೊಂದರೆ. ಮೇಸ್ತ್ರಿಯನ್ನಾದರೆ ಬೈಯಬಹುದಿತ್ತು.

ಗುರುವಾರ ಸಂಜೆ ನಾಲ್ಕಕ್ಕೆ ಕಾಲರ್ ಬಂದಳು. ಮಡಿಸಿದ ಟವೆಲಿನೊಳಗೆ ಗುರುತಪ್ಪನ ಮೇಜಿನಿಂದ ಹಾರಿಸಿಕೊಂಡು ಬಂದ ಶಾಯಿಯ ಪೆನ್ನು.

“ಸಿಕ್ಕಿಬಿದ್ರೆ ನಿಮ್ಮಪ್ಪ ನನ್ನ ಹಣೆಗೇ ಗುರುತು ಹಾಕ್ತಾನೆ,” ಎಂದಳು.

ಪರದೆ ಎಳೆದರು. ಸೋಗಲಾಡಿ ಪ್ಯಾಂಟು ಮೇಲೆತ್ತಿ, ಬಲ ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಮೇಲೆ, ದೊಡ್ಡದಾಗಿ ಬರೆದಳು. ತಿ. ಸುತ್ತ ಒಂದು ಸುತ್ತು. ಸುತ್ತು ಕೊನೆಯಲ್ಲಿ ಒಂದು ಬೆರಳಗಲ ಕೂಡದೇ ಉಳಿಯಿತು. ಅಷ್ಟರಲ್ಲಿ ಕಾಲರ್ ಪೆನ್ನು ಕಿತ್ತುಕೊಂಡಿದ್ದಳು.

“ಎಡಗಾಲನ್ನ ತಿರುವಿಬಿಟ್ರೆ?” ಎಂದು ಎಡಗಾಲಿಗೆ ಬರೆದಳು: ಇದಲ್ಲ. ಹೊಟ್ಟೆಯ ಮೇಲೆ: ಹಿಂಡಬೇಡಿ. ಕೈಯ ಮೇಲೆ: ಗಂಜಿ ಸಾಕು. ಆ ಆಸ್ಪತ್ರೆಯಲ್ಲಿ ಮೂರು ಹೊತ್ತೂ ಗಂಜಿ ಕುಡಿಸುತ್ತಿದ್ದರು. ಕೊನೆಗೆ ಬೋಳು ತಲೆಯ ಮೇಲೆ ಬರೆಯಲು ಹೋದಳು. “ತಲೆಗೆ ಬೇಡ ಕಣೇ, ಪ್ರೂಫ್ ಉಳೀಲಿ, ಬುದ್ಧಿ ಸರಿಯಿದೆ ಅಂತ!” ಎಂದು ಇವಳು ಕೈ ಹಿಡಿದಳು. ಇಬ್ಬರೂ ಗಿಡ್ಡ ಮಂಚದ ಮೇಲೆ ಬಿದ್ದು ಹೊರಳಿದರು. ನಗು ನಿಂತಾಗ ಕಾಲರ್ ಅವಳ ಹೊಟ್ಟೆಯ ಮೇಲೆ ತಲೆಯಿಟ್ಟು ಸುಮ್ಮನೆ ಮಲಗಿದ್ದಳು.

“ಸಾಯಲ್ಲ ತಾನೇ?” ಎಂದಳು.

“ಗೊತ್ತಿಲ್ಲ. ಆದ್ರೆ ಸರ್ಕೊಳಲ್ಲ,” ಎಂದಳು ಸೋಗಲಾಡಿ.

ಶುಕ್ರವಾರ ಬೆಳಿಗ್ಗೆ ನರ್ಸಮ್ಮ ಕಾಲು ತೊಳೆಯಲು ಬಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಸೋಪಿನಲ್ಲಿ ಉಜ್ಜಿದರು. ಸ್ಪಿರಿಟ್ಟಿನಲ್ಲಿ ಉಜ್ಜಿದರು. ಚರ್ಮ ಕೆಂಪಾಯಿತು, ಅಕ್ಷರ ಇನ್ನೂ ಕಪ್ಪಾಗಿ ಮಿಂಚಿತು. ಡಾಕ್ಟರಮ್ಮನನ್ನು ಕರೆದರು. ಡಾಕ್ಟರಮ್ಮ ಹಸಿರು ಬಟ್ಟೆಯಲ್ಲೇ ಬಂದರು.

“ಏನಿದು?”

“ತಿರುವಿ ಹಾಕಿ ಅಂತ ಡಾಕ್ಟರಮ್ಮ. ನಮ್ಮ ಲಾಂಡ್ರಿ ಗುರುತು.”

“ಪುಟ್ಟೀ…”

“ನಾನು ಪುಟ್ಟಿ ಅಲ್ಲ.” ಅವಳು ಮಂಚದ ಮೇಲೆ ಎದ್ದು ಕೂತಳು. ಬೋಳು ತಲೆ, ಹುಣ್ಣಿನ ಬಾಯಿ, ಮೈತುಂಬ ಅಕ್ಷರ. “ನನ್ನ ಕಾಲು ಎಂಟು ತಿಂಗಳು ನೋವು ನೋವು ಅಂತು. ಬೆಳೆಯೋ ನೋವು ಅಂದ್ರು, ಯಾರೂ ಮುಟ್ಟಿ ನೋಡ್ಲಿಲ್ಲ. ಇಲ್ಲಿ ಬಂದೆ. ನೀವು ಮುಟ್ಟಿ ನೋಡಿದ್ರಿ, ಸರಿ. ಆದ್ರೆ ಮಾತಾಡೋದೆಲ್ಲ ನಮ್ಮಪ್ಪನ ಹತ್ರ. ಕೂದಲು ಯಾವಾಗ ಬರುತ್ತೆ, ಮುಂದೆ ಮಕ್ಕಳಾಗ್ತವಾ, ನಾನು ಸಾಯ್ತೀನಾ, ಈ ಮೂರು ಪ್ರಶ್ನೆ ನಂದು. ನಮ್ಮಪ್ಪಂಗೆ ಗೊತ್ತಿರೋದು ಗಂಜಿ ಎಷ್ಟು ಹಾಕ್ಬೇಕು ಅಂತ. ಬೊಂಬೆ ಕೊಟ್ಟು ಹೊರಗೆ ಕೂರ್ಸಿದ್ರಿ. ಇನ್ನು ಹೊರಗೆ ಹೋಗಲ್ಲ. ಲೋಹದ್ದು ಬೇಡ. ತಿರುವಿ. ಇಲ್ಲಾಂದ್ರೆ ಮುಟ್ಟಬೇಡಿ.”

ಪಕ್ಕದ ಮಂಚದ ಪಾಪು “ಬೇಬೇಬೇ” ಎಂದಿತು.

ಡಾಕ್ಟರಮ್ಮ ಮಂಚದ ತುದಿಯಲ್ಲಿ, ಹೊರಚಾಚಿದ ಪಾದಗಳ ಪಕ್ಕ, ಕೂತರು. ಹೊಟ್ಟೆಯ ಮೇಲಿನ ‘ಹಿಂಡಬೇಡಿ’ಯನ್ನು ಓದಿದರು. ಅವರ ತುಟಿಯ ತುದಿ ಅಲುಗಿತು.

“ಮೊದಲೇ ನಿನ್ನ ಕೇಳಬೇಕಿತ್ತು. ತಪ್ಪಾಯ್ತು,” ಎಂದರು. ಆಮೇಲೆ ಮೂರೂ ಪ್ರಶ್ನೆಗೆ ಒಂದೊಂದಾಗಿ ಉತ್ತರ ಹೇಳಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದರು. “ತಿರುವಿದ್ರೆ ನೋಡೋರು ನೋಡ್ತಾರೆ. ಜೀವನವಿಡೀ. ಅದು ಗೊತ್ತಲ್ಲ?”

“ನೋಡ್ಲಿ. ಕಾಸು ಕೊಡದೆ ನೋಡ್ತಾರಲ್ಲ ಅಂತಷ್ಟೇ ಬೇಜಾರು.”

“ಒಪ್ಪದವಳ ಕಾಲಿಗೆ ನಾನು ಕತ್ತಿ ಹಾಕಲ್ಲ. ಆದ್ರೆ ನಿನಗಿನ್ನೂ ಹದಿನೆಂಟಾಗಿಲ್ಲ. ಸಹಿ ನಿಮ್ಮಪ್ಪಂದೇ ಬೇಕು.”

ಅಪ್ಪ ಬಾಗಿಲಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ನಿಧಾನವಾಗಿ ಮಂಚದ ಹತ್ತಿರ ಬಂದ. ತನ್ನ ಶಾಯಿ, ತನ್ನ ಅಕ್ಷರದ ಬಳುಕು, ತನ್ನ ಮಗಳ ಮೈ. ಬಗ್ಗಿ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದ. ಮೂವತ್ತು ವರ್ಷ ಆ ಶಾಯಿ ಹೋಗುವುದಿಲ್ಲ ಎಂದು ಊರಿಗೆಲ್ಲ ಹೇಳಿದವನು ಅವತ್ತು ಒಂದು ಕ್ಷಣ, ಒಂದೇ ಕ್ಷಣ, ಹೋಗಲಿ ಎಂದುಕೊಂಡ.

ಹೋಗಲಿಲ್ಲ.

“ಸುತ್ತು ಮುಚ್ಚಿಲ್ಲ,” ಎಂದ ಅಪ್ಪ.

ಸೋಗಲಾಡಿ ನೋಡಿದಳು. ಹೌದು. ಒಂದು ಬೆರಳಗಲ. ಅವಳ ಮುಖ ಇಳಿದುಹೋಯಿತು. ಸುತ್ತು ಮುಚ್ಚದ ಗುರುತು ಗುರುತೇ ಅಲ್ಲ.

“ಪೆನ್ನೆಲ್ಲಿ?”

ಅವಳು ದಿಂಬಿನ ಕೆಳಗಿನಿಂದ ತೆಗೆದುಕೊಟ್ಟಳು. ಅಪ್ಪ ಮೂಗೊರೆಸಿಕೊಂಡ. ಎಡಗೈಯಲ್ಲಿ ಅವಳ ಹಿಮ್ಮಡಿ ಹಿಡಿದುಕೊಂಡ. ಬಲಗೈಯಲ್ಲಿ, ಕೋಟಿನ ಅಂಚಿಗೆ ಹಾಕುವಷ್ಟೇ ಜೋಪಾನವಾಗಿ, ಸುತ್ತು ಮುಚ್ಚಿದ.

“ಈಗ ಗುರುತು,” ಎಂದ. “ಕಾಗದ ಕೊಡಿ ಡಾಕ್ಟರಮ್ಮ, ಹೊಸದಾಗಿ ಸಹಿ ಹಾಕ್ತೀನಿ.”

ಆಪರೇಷನ್ ಹನ್ನೊಂದು ಗಂಟೆ ನಡೆಯಿತಂತೆ. ಅವಳಿಗೆ ಗೊತ್ತಿಲ್ಲ. ಎಚ್ಚರವಾದಾಗ ಹೊದಿಕೆಯ ಕೆಳಗೆ ಏನೋ ತಪ್ಪು ಜಾಗದಲ್ಲಿ ಉಬ್ಬಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡು ಪಕ್ಕ ಕೂತಿದ್ದಳು. ಎಷ್ಟೋ ದಿನ ಆದ ಮೇಲೆ ಒಂದು ಮಧ್ಯಾಹ್ನ ಕಟ್ಟು ಬಿಚ್ಚಿದಾಗ ಅಮ್ಮ ಕೊನೆಗೂ ನೋಡಿದಳು. ಹಿಂದಕ್ಕೆ ತಿರುಗಿದ ಐದು ಬೆರಳು. ತಾನು ಎಣ್ಣೆ ಹಚ್ಚಿ ತಿಕ್ಕಿ ಬೆಳೆಸಿದ ಬೆರಳು. ಅಲ್ಲೇ ಇದ್ದವು, ಒಂದೂ ಕಮ್ಮಿಯಿಲ್ಲ. ಅಮ್ಮ ಕಿರುಬೆರಳನ್ನು ಹಿಡಿದು ಎಳೆದಳು, ಚಿಕ್ಕಂದಿನಲ್ಲಿ ಎಳೆಯುತ್ತಿದ್ದ ಹಾಗೆ. ಸೋಗಲಾಡಿ ಕಿಸಕ್ಕನೆ ನಕ್ಕಳು. ಅಮ್ಮನ ಅಳು ಅರ್ಧಕ್ಕೆ ನಿಂತು, ದಾರಿ ತಪ್ಪಿ, ನಗುವಾಯಿತು.

ಮತ್ತೆ ಔಷಧಿ, ಮತ್ತೆ ಬಕೆಟ್ಟು. ಕೃತಕ ಕಾಲು ಕಟ್ಟಿ ನಡೆಯಲು ಕಲಿತದ್ದು ಬಿದ್ದು ಬಿದ್ದೇ. ಕೂದಲು ಬಂತು, ಮೊದಲು ಇಲ್ಲದ ಗುಂಗುರು ತಂದುಕೊಂಡು ಬಂತು. ಮೂರು ತಿಂಗಳಿಗೊಮ್ಮೆ ಎದೆಯ ಚಿತ್ರ ತೆಗೆಯಬೇಕು, ಅದು ಮತ್ತೆ ಬರಬಹುದು. ಆ ಹೆದರಿಕೆ ಕೃತಕ ಕಾಲಿನ ಹಾಗೆ, ಬೆಳಿಗ್ಗೆ ಎದ್ದರೆ ಕಟ್ಟಿಕೊಳ್ಳಲೇಬೇಕು.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಮಂಗಳವಾರ ಅವಳು ಲಾಂಡ್ರಿಯ ಬಾಗಿಲು ದಾಟಿದಳು. ಮೇಸ್ತ್ರಿ ನಾಲ್ಕನೇ ನಂಬರಿನ ಎದುರು ಅಡ್ಡ ನಿಂತ.

“ನೀನು ಹಿಂದಿನ ಕೋಣೆಗೆ ಹೋಗು. ಕಾಲುಚೀಲ ಜೋಡ್ಸು. ಇಲ್ಲಿ ಗಾಜಿನಾಚೆ ಗಿರಾಕಿಗಳು ನಿಂತಿರ್ತಾರೆ. ಹೆದರ್ಕೋತಾರೆ.”

ಅವಳು ಉತ್ತರ ಕೊಡಬೇಕು ಎನ್ನುವಷ್ಟರಲ್ಲಿ ಐದನೇ ನಂಬರು ಕಣ್ಣಿಗೆ ಬಿತ್ತು. ಕಾಲರ್ ಎಡಗೈಯಲ್ಲಿ ಕಾಲರು ಒತ್ತುತ್ತಿದ್ದಳು. ಬಲಗೈ ಎದೆಗೆ ಆನಿಕೊಂಡಿತ್ತು. ಮೊಣಕೈ ಹತ್ತಿರ ಊತ. ಪ್ರೆಸ್ಸಿನ ಮೇಲೊಂದು ಚೀಟಿ. ಸೋಗಲಾಡಿ ತೆಗೆದು ಓದಿದಳು. ಬೆಳೆಯುವ ನೋವು. ಕೆಲಸ ಮಾಡಬಹುದು.

“ಎಷ್ಟು ದಿನ ಆಯ್ತೇ?”

“ಎರಡು ತಿಂಗಳು,” ಎಂದಳು ಕಾಲರ್. ನಗುತ್ತಿರಲಿಲ್ಲ. “ಇಪ್ಪತ್ತೊಂದಾಯ್ತು ನಂಗೆ. ಇನ್ನು ಎಲ್ಲಿಗೆ ಬೆಳೀಲಿ?”

ಸೋಗಲಾಡಿ ಮೇಸ್ತ್ರಿಯ ಮೇಜಿನ ಹತ್ತಿರ ಹೋದಳು. ಮೇಜಿನ ಮೇಲಿದ್ದ ಮುಲಾಮಿನ ಡಬ್ಬಿಗಳನ್ನು ಪಕ್ಕಕ್ಕೆ ತಳ್ಳಿ ಹತ್ತಿ ಕೂತಳು. ಪ್ಯಾಂಟು ಮೇಲೆತ್ತಿದಳು. ಕೃತಕ ಕಾಲು ಕಳಚಿ ಪಕ್ಕಕ್ಕಿಟ್ಟು, ತಿರುವಿದ ಕಾಲನ್ನು ಎಲ್ಲರೆದುರು ಮೇಜಿನ ಮೇಲೆ ಚಾಚಿದಳು. ಹಿಮ್ಮಡಿ ಮುಂದೆ, ಬೆರಳು ಹಿಂದೆ.

“ಬೆಳೆಯೋ ನೋವು ಅಂದಿದ್ರಿ. ನೋಡಿ, ಯಾವ ಕಡೆ ಬೆಳೀತು ಅಂತ!”

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಹೋಗಿ ಗಂಜಿಯ ಡ್ರಮ್ಮಿನ ಪಕ್ಕ ಕೂತಿದ್ದ ಡಾಕ್ಟರ ಕಾಲು ತುಳಿದ.

“ಅಯ್ಯಯ್ಯೋ!” ಎಂದರು ಡಾಕ್ಟರು.

“ನೋವಾ ಸಾರ್?” ಎಂದಳು ಸೋಗಲಾಡಿ. “ಸೋಗಿರ್ಬೇಕು. ಕೆಲ್ಸ ಮಾಡಬಹುದು.”

ಮೊದಲು ಅಂಗಿ ಮಡಿಸುವ ಮುದುಕಿಯೊಬ್ಬಳು ನಕ್ಕಳು. ಆಮೇಲೆ ಯಾರ ನಗು ಯಾರದೆಂದು ತಿಳಿಯಲಿಲ್ಲ. ಆ ನಗುವಿನ ನಡುವೆಯೇ ಕಾಲರ್ ಪೆಡಲಿನಿಂದ ಕಾಲು ತೆಗೆದಳು. ಐದನೇ ನಂಬರು ಬಾಯಿ ತೆರೆಯಿತು. ಆರನೆಯದು ತೆರೆಯಿತು. ಏಳು, ಎಂಟು. ಹದಿನೆಂಟು ಮೊಸಳೆಗಳೂ ಬಾಯಿ ತೆರೆದು ನಿಂತವು. ಹಬೆ ಅಡಗಿತು. ಆ ಲಾಂಡ್ರಿಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದ್ದು ಅದೇ ಮೊದಲು.

“ಏನಿದು? ಕೆಲ್ಸ ಮಾಡ್ರೋ!” ಎಂದ ಮೇಸ್ತ್ರಿ.

“ಅವಳ ಕೈಯನ್ನ ಮುಟ್ಟಿ ನೋಡಿ,” ಎಂದಳು ಸೋಗಲಾಡಿ ಡಾಕ್ಟರಿಗೆ. “ಚಿತ್ರ ತೆಗೆಸೋಕೆ ಚೀಟಿ ಬರೀರಿ. ಆಮೇಲೆ ತುಳೀತೀವಿ.”

“ಇವಳು ಹೇಳಿದ ಹಾಗೆ ಕುಣೀಬೇಕಾ ನಾನು?” ಎಂದ ಮೇಸ್ತ್ರಿ.

“ಕುಣಿಯೋದು ಬೇಡ. ಕುಂಟೋದನ್ನ ಒಂದ್ಸಲ ತೋರ್ಸಿದ್ರಲ್ಲ, ಅಷ್ಟೇ ಸಾಕು. ಈ ಸಲ ನಾನು ನಗಲ್ಲ.”

ಯಾರೂ ನಗಲಿಲ್ಲ. ಬಾಗಿಲ ಬಳಿಯ ಮೇಜಿನಿಂದ ಗುರುತಪ್ಪ ಎದ್ದು ಬಂದ. ಮೂವತ್ತು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಅವನು ಎದ್ದದ್ದನ್ನು ಕಂಡವರಿಲ್ಲ. ಪೆನ್ನನ್ನು ಡಾಕ್ಟರ ಕೈಗೆ ಕೊಟ್ಟ.

“ಬರೀರಿ ಸಾರ್. ಈ ಶಾಯಿ ಅಳಿಸಲ್ಲ.”

ಡಾಕ್ಟರು ಎದ್ದರು. ಗಂಜಿಯ ಡ್ರಮ್ಮಿನ ಪಕ್ಕದಿಂದ ಎದ್ದು ಬಂದರು. ಕಾಲರ್‌ಳ ಮೊಣಕೈಯನ್ನು ಮುಟ್ಟಿ ನೋಡಿದರು. ಬರೆದರು.

ಮೂರು ದಿನದ ಮೇಲೆ ಚಿತ್ರ ಬಂತು. ಮೂಳೆ ಬೆಳ್ಳಗೆ, ನಿರಾಳವಾಗಿ ಇತ್ತು. ಉಳುಕು, ಎರಡು ವಾರ ಕೈಗೆ ವಿಶ್ರಾಂತಿ ಕೊಟ್ಟರೆ ಸಾಕು ಎಂದರು ದೊಡ್ಡಾಸ್ಪತ್ರೆಯಲ್ಲಿ. ಕಾಲರ್ ಕೈಗೆ ಪಟ್ಟಿ ಕಟ್ಟಿಸಿಕೊಂಡು ಲಾಂಡ್ರಿಯ ತನಕ ಕುಣಿದುಕೊಂಡೇ ಬಂದಳು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ನಾಲ್ಕನೇ ನಂಬರಿಗೆ ಒರಗಿ ನಿಂತಿದ್ದ. ಮುಖ ಅರಳಿತ್ತು.

“ನೋಡಿದ್ಯಾ? ಏನೂ ಇರ್ಲಿಲ್ಲ. ಸುಮ್ಮನೆ ರಂಪ ಮಾಡಿದ್ರಿ. ಏನೂ ಇರ್ಲಿಲ್ಲ!”

ಸೋಗಲಾಡಿ ಕೋಟೊಂದನ್ನು ಹೆಗಲಿನಿಂದ ಇಳಿಸಿಕೊಂಡಳು. ಕಾಲರಿನ ಒಳಗೆ ಅಪ್ಪನ ಗುರುತಿತ್ತು, ತಿ, ಸುತ್ತು ಮುಚ್ಚಿತ್ತು. ಒಳಮೈ ಹೊರಗೆ ಮಾಡಿ ಕೊಡವಿದಳು.

“ಏನೂ ಇಲ್ಲ ಅಂತ ಗೊತ್ತಾಗಿದ್ದು ನೋಡಿದ ಮೇಲೆ ತಾನೇ?” ಎಂದಳು. “ನನ್ನ ಕಾಲನ್ನೂ ಹಾಗೇ ನೋಡಬಹುದಿತ್ತು.”

ಮೇಸ್ತ್ರಿ ಪ್ರೆಸ್ಸಿಗೆ ಒರಗಿಯೇ ಇದ್ದ.

“ಸರ್ಕೊಳಪ್ಪಾ,” ಎಂದಳು ಅವಳು.

ಅವನು ಸರಿದ. ಅವಳು ಕೋಟನ್ನು ಹಾಸಿ, ತಿರುವಿದ ಕಾಲಿನಲ್ಲಿ ಪೆಡಲು ತುಳಿದಳು.